ಸುಗಲಾಬಾಯಿಯ ತಲೆಕಟ್ಟು

ನಾರಾಯಣಖೇಡದಲ್ಲಿ ಕಲ್ಲು ಕೆತ್ತುವವನು ಮೊದಲು ಹೇಳಿದ: “ಕನ್ನಡದಾಗ ಬೇಕಾದ್ರ ಬೀದರಕ್ಕ ಹೋಗ್ರಿ.” ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸೂ ಅದನ್ನೇ ಹೇಳಿದಳು. ನನ್ನ ಕತೆಯೆಲ್ಲ ವಿಚಾರಿಸಿ, ಚಹಾ ಮುಗಿಯುವಷ್ಟರಲ್ಲಿ ನನ್ನನ್ನು ಬಸ್ಸು ಹತ್ತಿಸಲೂ ಎದ್ದು ನಿಂತಳು. “ಅಗಾ, ಬೀದರ ಗಾಡಿ ನಿಂತದ ನೋಡ್ರಿ. ಒಂದ್ ತಾಸಿನ ದಾರಿ.”

ನಾನು ತಾಂಡೂರಿನ ಬಸ್ಸು ಹತ್ತಿದೆ.

ಬೇಕಿದ್ದುದು ಇಷ್ಟೇ. ನಮ್ಮವ್ವ ತೀರಿಹೋಗಿ ನಾಳೆಗೆ ಒಂದು ವರ್ಷ. ಹೊಲದಲ್ಲಿ ಅವಳನ್ನು ಮಣ್ಣು ಮಾಡಿದ ಜಾಗಕ್ಕೆ ಒಂದು ಕಲ್ಲು, ಅದರ ಮೇಲೆ ಅವಳ ಹೆಸರು: ಸುಗಲಾಬಾಯಿ. ಐದು ಅಕ್ಷರ. ತಮ್ಮ ವೀರಭದ್ರ ತೆಲುಗಿನಲ್ಲಿ ಕೆತ್ತಿಸಿದ ಕಲ್ಲನ್ನು ಆಗಲೇ ಮನೆಗೆ ತಂದಿಟ್ಟಿದ್ದ. “ರಾಜಕ್ಕಾ, ನಿನ್ನ ಕನ್ನಡ ಇಲ್ಲಿ ಯಾರ್ ಓದ್ತಾರ? ನಾಳಿ ಹತ್ತಕ್ಕ ನಿನ್ನ ಕಲ್ಲು ಬಂದ್ರ ಬಂತು. ಇಲ್ಲಾಂದ್ರ ನಂದೇ ನಿಲ್ಲಸ್ತೀನಿ” ಎಂದಿದ್ದ. ಜಿದ್ದಿನಲ್ಲಿ ಅವನು ನನಗೇನೂ ಕಡಿಮೆಯಿಲ್ಲ.

ಅವ್ವನಿಗೆ ಬರೆಯಲು ಬರುತ್ತಿದ್ದುದು ಆ ಐದೇ ಅಕ್ಷರ. ನಾನು ಕನ್ನಡ ಶಾಲೆಯ ನಾಲ್ಕನೇ ತರಗತಿಯಲ್ಲಿದ್ದಾಗ ಪಾಟಿಯ ಮೇಲೆ ಬರೆದು ಕಲಿಸಿದ್ದೆ. ಆಮೇಲೆ ಅವಳು ಎಲ್ಲೂ ಹೆಬ್ಬೆಟ್ಟು ಒತ್ತಲಿಲ್ಲ. ಒಮ್ಮೆ ಒಬ್ಬ ಗುಮಾಸ್ತ ಏನೂ ಕೇಳದೆ ಮಸಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದ. ಅವಳು ಅದರ ಮುಚ್ಚಳ ಹಾಕಿ, ಅವನ ಕಡೆಗೇ ತಳ್ಳಿ, ಪೆನ್ನು ಕೇಳಿದಳು.

ಕೊಹೀರಿನಲ್ಲಿ ಅರವತ್ತರ ಒಬ್ಬ ಮನುಷ್ಯ ಹತ್ತಿ ನನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತ. ಹೆಂಗಸರಿಗೆ ಪುಕ್ಕಟೆ ಝೀರೋ ಟಿಕೆಟ್ ಆದಮೇಲೆ ಗಂಡಸರಿಗೆ ಸೀಟು ಸಿಗುವುದು ಕಷ್ಟ. ಹೆಸರು ಮೊಗಲಪ್ಪ, ಮಗಳ ಮನೆಗೆ ಹೊರಟಿದ್ದೇನೆ ಎಂದು ತಾನೇ ಹೇಳಿ, ನನ್ನನ್ನು ವಿಚಾರಿಸಿದ.

“ಕಲ್ಲಿನ ಮ್ಯಾಲ ಹೆಸರ ಕೆತ್ತಸಾಕ ಹೊಂಟೀನಿ, ಕನ್ನಡದಾಗ” ಎಂದೆ.

ಅವನು ನಕ್ಕ. “ಬೀದರ ಬಿಟ್ಟು ತಾಂಡೂರಕ್ಕ? ತೆಲಂಗಾಣದಾಗ ಕುಂತು ಕನ್ನಡ ಅಂದ್ರ ಹ್ಯಾಂಗ್ರಿ ಬಾಯಿ?”

“ನೀವೀಗ ಯಾವ ಭಾಷಾದಾಗ ಮಾತಾಡ್ಲಾಕತ್ತೀರಿ?”

“ಮಾತು ಬ್ಯಾರೆ, ಬರಿಯೋದು ಬ್ಯಾರೆ. ನಮ್ಮ ಮನ್ಯಾಗೂ ಇದೇ ಮಾತು. ಆದ್ರ ನಾ ಕಲ್ತಿದ್ದು ತೆಲುಗು ಸಾಲಿ. ನಿಮ್ಮ ಕನ್ನಡದ ಒಂದಕ್ಷರಾನೂ ನನಗ ಓದಾಕ ಬರಂಗಿಲ್ಲ.”

“ನಮ್ಮವ್ವ ಇದೇ ಸೀಮ್ಯಾಗ ಹುಟ್ಟಿ ಇದೇ ಸೀಮ್ಯಾಗ ಸತ್ತಾಳ. ರಾಜ್ಯದ ಗೆರಿ ಹಾಕಿದವ್ರು ಹಾಕಿ ಹೋದ್ರು. ಹೆಸರ ಬರಿಯಾಕ ಆಕಿನ್ನ ಪರದೇಶಕ್ಕ ಕಳಸ್ಬೇಕೇನು?”

“ಬೀದರ ಪರದೇಶ ಏನ್ರಿ?”

“ಇವತ್ತ ಪರದೇಶ!”

ಹಿಂದಿನ ಸೀಟಿನವರು ನಕ್ಕರು. ಮೊಗಲಪ್ಪ ಅವರ ಕಡೆ ತಿರುಗಿದ. “ರೊಕ್ಕ ಕೊಟ್ಟು ನಿಂತಾವ ನಾ, ಪುಕ್ಕಟ ಕುಂತಾವ್ರು ಇವರು. ಸಿಟ್ಟು ಬರಬೇಕಾದ್ದು ನನಗ!”

ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಯಂತ್ರಗಳ ಗದ್ದಲದ ನಡುವೆ ಕಲ್ಲು ಕೆತ್ತುವ ತುಳಸಿರಾಮ ಎಂಬವನ ಅಂಗಡಿ ಸಿಕ್ಕಿತು. “ಆಗ್ತದಮ್ಮಾ” ಎಂದ. ಬೀದರಿನ ಹೆಸರೆತ್ತಲಿಲ್ಲ. ನೆಲಕ್ಕೆ ಹಾಸುವ ಪರಸಿ ಕಲ್ಲಿನಲ್ಲಿ ಒಂದು ಅಡಿಯದನ್ನು ಆರಿಸಿ ಸೀಮೆಸುಣ್ಣದಿಂದ ಸರಸರನೆ ಬರೆದ. ನೋಡಿದೆ. ಲಾ, ಬಾ, ಯಿ ಸರಿ. ಅವು ಎರಡು ಲಿಪಿಯಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಸು ಮತ್ತು ಗ ಅಕ್ಷರಗಳ ತಲೆಯ ಮೇಲೆ ಕನ್ನಡದ ತಲೆಕಟ್ಟು ಇರಲಿಲ್ಲ. ಮಾಸ್ತರರು ಸರಿ ಎಂದು ಹಾಕುವ ಗುರುತಿನಂಥ ತೆಲುಗಿನ ಗೀಟು ಇತ್ತು.

“ಇದು ತೆಲುಗು” ಎಂದೆ.

“ಎರಡೂ ಒಂದೇ ಅಮ್ಮಾ. ಎರಡ್ ಗೀಟು ಯಾರ್ ನೋಡ್ತಾರ?”

“ನಾ ನೋಡ್ತೀನಿ.” ಸೆರಗಿನಿಂದ ಒರೆಸಿದೆ.

ಮತ್ತೆ ಬರೆದ. ಕೈಯ ರೂಢಿ, ಗೀಟು ಮತ್ತೆ ಬಂತು. ಮತ್ತೆ ಒರೆಸಿದೆ. ಮೂರನೇ ಸಲ ಅವನು ಕೈ ಝಾಡಿಸಿ ಎದ್ದ. “ಎರಡ್ ಗೀಟಿಗಿ ತಲಿ ತಿನ್ಲಾಕತ್ತೀರಿ. ಬೀದರಕ್ಕ…”

“ಆ ಊರ ಹೆಸರ ತೆಗದ್ರ ನೋಡು!”

ನನ್ನ ಕೂಗಿಗೆ ಪಕ್ಕದ ಅಂಗಡಿಯವನು ಯಂತ್ರ ನಿಲ್ಲಿಸಿದ. ನಾನು ತುಳಸಿರಾಮನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಕಲ್ಲಿನ ಪುಡಿಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಬರೆದೆ. ಕನ್ನಡ ಬರೆದು ವರ್ಷಗಳಾಗಿದ್ದವು. ಬಾ ಸ್ವಲ್ಪ ಸೊಟ್ಟಗಾಯಿತು. ಅವ್ವನದೂ ಅಲ್ಲೇ ಸೊಟ್ಟಗಾಗುತ್ತಿತ್ತು. ಹಾಗೇ ಬಿಟ್ಟೆ.

“ಇದರ ಮ್ಯಾಲ ಉಳಿ ನಡಸು. ನಿಂದು ಅಂತ ಒಂದ್ ಗೀಟೂ ಹಾಕಬ್ಯಾಡ.”

ಅವನು ಗೊಣಗುತ್ತ ಕೂತು ಕೆತ್ತಿದ. ಮುಗಿಯುವವರೆಗೂ ನಾನು ಕಣ್ಣು ತೆಗೆಯಲಿಲ್ಲ. ಅವನ ಕೈ ಒಳ್ಳೆಯದು, ಅದನ್ನು ಹೇಳಲೇಬೇಕು.

ಸಂಜೆ ನಾಲ್ಕರ ಬಸ್ಸಿಗೆ ಮತ್ತೆ ಅದೇ ಮೊಗಲಪ್ಪ. ಈ ಸಲ ನನ್ನ ಪಕ್ಕದ ಸೀಟು ಖಾಲಿ ಇತ್ತು.

“ಏನ್ರಿ ಬಾಯಿ, ಸಿಕ್ತೇನು ಪರದೇಶದ ಕಲ್ಲು?”

ಸುತ್ತಿದ್ದ ಟವೆಲು ಬಿಚ್ಚಿ ಕಲ್ಲನ್ನು ಅವನ ತೊಡೆಯ ಮೇಲಿಟ್ಟೆ. “ಓದ್ರಿ.”

“ನನಗ ಬರಂಗಿಲ್ಲ ಅಂತ ಮುಂಜಾನೇನೇ ಹೇಳೀನಲ್ಲ.”

“ಓದ್ರಿ ಅಂದ್ರ ಓದ್ರಿ.”

ಅವನು ಬೆರಳಿಟ್ಟ. “ಸು… ಗ…” ಮುಂದೆ ಎಲ್ಲೂ ತಡೆಯಲಿಲ್ಲ. “ಸುಗಲಾಬಾಯಿ.” ಕಲ್ಲನ್ನು ದೂರ ಹಿಡಿದು ಇನ್ನೊಮ್ಮೆ ನೋಡಿದ. “ಇದು ಕನ್ನಡ ಏನ್ರಿ? ಬಂತಲ್ರಿ ನನಗ!”

ನಾನು ವೀರಭದ್ರನಿಗೆ ಫೋನು ಹಚ್ಚಿ ಮೊಗಲಪ್ಪನ ಕೈಗೆ ಕೊಟ್ಟೆ. “ನನ್ನ ತಮ್ಮ ಇದ್ದಾನ. ಏನ್ ಓದಿದ್ರಿ, ಎಷ್ಟ್ ಕನ್ನಡ ಸಾಲಿ ಕಲ್ತೀರಿ, ಎರಡೂ ಹೇಳ್ರಿ.”

ಮೊಗಲಪ್ಪ ಬಸ್ಸಿನ ಸದ್ದಿಗಿಂತ ಜೋರಾಗಿ ಕೂಗಿದ: “ಸುಗಲಾಬಾಯಿ! ಸಾಲಿ ಒಂದಿನಾನೂ ಇಲ್ರಿ!” ಆಮೇಲೆ ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನಿಗೆ ಕೈ ಅಡ್ಡ ಹಿಡಿದ.

“ಮತ್ತ ಆ ತೆಲುಗಿನ ಕಲ್ಲು ಏನ್ ಮಾಡ್ಲಿ ಅಂತ ಕೇಳ್ಲಾಕತ್ಯಾರ.”

“ಬೀದರಕ್ಕ ಕಳಸು ಅಂತ ಹೇಳ್ರಿ.”