ಮಾತ್ರೆ ಹೆಚ್ಚಿದೆ

ನಮ್ಮ ಮನೆಯಲ್ಲಿ ಅಕ್ಕಿ ತೀರುವುದಿಲ್ಲ, ಹೆಚ್ಚುತ್ತದೆ. ಎಣ್ಣೆ, ಅರಿಶಿನ, ಕುಂಕುಮ ಎಲ್ಲವೂ ಹಾಗೆಯೇ. ಡಬ್ಬದ ತಳ ಕಂಡ ದಿನ "ಅಕ್ಕಿ ಹೆಚ್ಚಿದೆ" ಎಂದು ಹೇಳಬೇಕೆಂದು ನನ್ನ ಅತ್ತೆ ಕಲಿಸಿದ್ದರು. ಇಲ್ಲ, ಖಾಲಿ, ಮುಗಿಯಿತು ಎಂಬ ಮಾತು ಲಕ್ಷ್ಮಿಯ ಕಿವಿಗೆ ಬೀಳಬಾರದು. ತೀರಿತು ಎಂಬುದಂತೂ ಬಾಯಿಗೇ ಬರಬಾರದು. ಕಳೆದ ಕಾರ್ತಿಕದಲ್ಲಿ ನಮ್ಮ ಯಜಮಾನರು ಹೋದ ಮೇಲೆ ನಾನು ಆ ಮಾತನ್ನು ಇನ್ನಷ್ಟು ದೂರವಿಟ್ಟೆ. ಬಂದವರೆಲ್ಲ ಅವರು ಯಾವಾಗ ತೀರಿಕೊಂಡರೆಂದು ಕೇಳುತ್ತಿದ್ದರು. ನಾನು ತಿಂಗಳ ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ.

ಮಹದೇವಪುರದಲ್ಲಿ ಈಗ ಹೀಗೆ ಮಾತನಾಡುವ ಮನೆಗಳು ಕೆಲವೇ ಉಳಿದಿವೆ. ಹೊಲಗಳಿದ್ದ ಕಡೆ ಗಾಜಿನ ಕಚೇರಿಗಳು ನಿಂತಿವೆ. ನಮ್ಮ ಮಾರಮ್ಮನ ಗುಡಿ ಮಾತ್ರ ಒಂದು ಕಚೇರಿಯ ಕಾಂಪೌಂಡಿಗೂ ಪೆಟ್ರೋಲ್ ಬಂಕಿಗೂ ನಡುವೆ ಹಾಗೆಯೇ ಇದೆ. ಯಜಮಾನರು, ವೆಂಕಟೇಶಪ್ಪನವರು, ಆ ಗುಡಿಯ ಪೂಜಾರಿಯಾಗಿದ್ದರು. ಈಗ ನನ್ನ ಮಗ ಶ್ರೀಧರ ಮಂಗಳವಾರ ಮತ್ತು ಶುಕ್ರವಾರ ಪೂಜೆ ಮಾಡಿ ಕೆಲಸಕ್ಕೆ ಹೋಗುತ್ತಾನೆ.

ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಶಿವಗಂಗಾ ಎಂಬ ಹುಡುಗಿ ಬಾಡಿಗೆಗೆ ಇದ್ದಾಳೆ. ಯಾದಗಿರಿಯ ಕಡೆಯವಳು. ಅವರ ಕಡೆ ಅಜ್ಜಿಗೆ ಆಯಿ ಎನ್ನುತ್ತಾರಂತೆ. ನನ್ನನ್ನೂ ಹಾಗೆಯೇ ಕರೆಯುತ್ತಾಳೆ. ನರ್ಸಿಂಗ್ ಓದಿ, ಐಸಿಯುವಿನಲ್ಲಿ ಕೆಲಸ ಮಾಡಿ, ಆ ಕೆಲಸ ಬಿಟ್ಟು ಇಲ್ಲಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಉನ್ನತ ಓದಿಗೆ ಸೇರಿದ್ದಳು. ಪಕ್ಕದ ಮನೆಯ ಸಿದ್ದಮ್ಮ ಅವಳನ್ನು ಬಿಡದೆ ಕೇಳಿದ್ದಳು.

"ನರ್ಸು ಆದ್ಮೇಲೆ ಇನ್ನೇನಮ್ಮ ಓದೋದು? ಅತ್ಲಾಗೆ ಡಾಕ್ಟ್ರೇ ಆಗ್ಬಿಡು."

ಶಿವಗಂಗಾ ಬೇಸರಿಸದೆ ಬಿಡಿಸಿ ಹೇಳಿದಳು. ಐಸಿಯುವಿನಲ್ಲಿ ಡಾಕ್ಟರು ಪ್ರತಿ ಹಾಸಿಗೆಯ ಬಳಿ ಎಲ್ಲ ಹೊತ್ತೂ ನಿಂತಿರಲಾರರು. ಹಾಸಿಗೆಯ ಬಳಿ ಇರುವವಳು ರೋಗಿಯನ್ನು ಮುಟ್ಟಿ ನೋಡಿ, ಕೇಳಿ, ಏನಾಗುತ್ತಿದೆ ಎಂದು ತಾನೇ ಯೋಚಿಸಬೇಕು. ತನಗೆ ಒಪ್ಪಿಸಿದಷ್ಟು ಚಿಕಿತ್ಸೆಯನ್ನು ತಡಮಾಡದೆ ಶುರುಮಾಡಿ, ಡಾಕ್ಟರಿಗೆ ಸರಿಯಾಗಿ ತಿಳಿಸಬೇಕು. ಅದಕ್ಕೇ ಈ ಓದು.

ಸಿದ್ದಮ್ಮ ಎಲೆಯಡಿಕೆ ಒತ್ತರಿಸಿಕೊಂಡು, "ಅಂದ್ರೆ ಮನೇಲಿ ಸೊಸೆ ಇದ್ದಂಗೆ. ಎಲ್ಲಾ ಗೊತ್ತಿರ್ಬೇಕು, ಕೇಳ್ದೆ ಏನೂ ಮಾಡಂಗಿಲ್ಲ" ಅಂದಳು.

ಶಿವಗಂಗಾ ನಕ್ಕು, ನಮ್ಮ ಮೇಡಂ ಅವರಿಗೂ ಇದನ್ನು ಹೇಳುತ್ತೇನೆ ಎಂದಳು.

ಮೊದಲ ವರ್ಷ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಅವಳು ಡ್ಯೂಟಿಯಿಂದ ಬಂದವಳು ಮಹಡಿ ಹತ್ತದೆ ನಮ್ಮ ಜಗಲಿಯ ಮೇಲೆ ಕುಳಿತಳು. ಬ್ಯಾಗನ್ನು ಹೆಗಲಿನಿಂದ ತೆಗೆಯಲೂ ಇಲ್ಲ. ಕಾಫಿ ಕೊಟ್ಟೆ. ಲೋಟ ಕೈಯಲ್ಲಿಯೇ ಆರಿತು. ಆಮೇಲೆ ನಡೆದದ್ದನ್ನು ಹೇಳಿದಳು.

ಅವಳ ವಾರ್ಡಿಗೆ ಹೊಸಕೋಟೆ ಕಡೆಯ ಒಬ್ಬ ಮುದುಕಿ ಬಂದಿದ್ದಳು. ತಲೆ ಸುತ್ತು, ಕಾಲು ಊತ. ಮನೆಯಲ್ಲಿ ಏನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಮುದುಕಿ, "ಬೀಪಿ ಮಾತ್ರೆ ಎಚ್ಚೈತೆ ಕಣಮ್ಮ, ನಾಕು ದಿನಾಯ್ತು" ಎಂದಳಂತೆ. ಮಾತ್ರೆ ಅಳತೆ ಮೀರಿ ನುಂಗಿದ್ದಾಳೆ ಎಂದು ಶಿವಗಂಗಾ ತಿಳಿದಳು. ರೌಂಡ್ಸಿನಲ್ಲಿ ಡಾಕ್ಟರಿಗೆ ಹಾಗೆಯೇ ಒಪ್ಪಿಸಿದಳು. ಅವರು ಬೆಳಗಿನ ಮಾತ್ರೆಯನ್ನು ತಡೆಹಿಡಿದರು. ಮಧ್ಯಾಹ್ನ ಮುದುಕಿಯ ಮಗಳು ಬಂದಾಗ ನಿಜ ತಿಳಿಯಿತು. ಮಾತ್ರೆ ನಾಲ್ಕು ದಿನದಿಂದ ಮನೆಯಲ್ಲಿ ಇರಲೇ ಇಲ್ಲ. ದೇವರ ದಯೆಯಿಂದ ಮುದುಕಿಗೆ ಏನೂ ಆಗಲಿಲ್ಲ. ಆದರೆ ಇವರಿಗೆ ಕಲಿಸುವ ಕೃಪಾ ಮೇಡಂ ಒಂದೇ ಮಾತು ಕೇಳಿದ್ದರು: ಹೆಚ್ಚು ನುಂಗಿದ್ದರೆ ಬೀಪಿ ಇಳಿಯಬೇಕಿತ್ತಲ್ಲ, ಏರಿದ್ದೇಕೆ ಎಂದು ನಿನಗೆ ಅನಿಸಲಿಲ್ಲವೇ?

ಆ ಮುದುಕಿಯನ್ನು ನೋಡಿದ್ದನ್ನೇ ಪರೀಕ್ಷೆಯೆಂದು ಎಣಿಸಿ ಅವಳನ್ನು ಪಾಸು ಮಾಡಿರಲಿಲ್ಲ. ಒಂದು ತಿಂಗಳ ಮೇಲೆ ಅವಳು ಮತ್ತೊಮ್ಮೆ ರೋಗಿಯ ಹಾಸಿಗೆಯ ಬಳಿಯೇ ಪರೀಕ್ಷೆ ಕೊಡಬೇಕು. ಅದರಲ್ಲೂ ತಪ್ಪಿದರೆ ಅರ್ಧ ವರ್ಷದ ಕೆಲಸವನ್ನು ಮೊದಲಿನಿಂದ ಮಾಡಬೇಕು. ಜೊತೆಯವರು ಮುಂದೆ ಹೋಗುತ್ತಾರೆ.

"ನಾ ಬಿಡ್ತೀನಿ ಆಯಿ," ಎಂದಳು. "ಹಳೀ ಡ್ಯೂಟಿಗೇ ಹೋಗ್ತೀನಿ. ಅಲ್ಲಿ ಬರೆದಿದ್ದು ಮಾಡಿದ್ರ ಸಾಕು. ಇಲ್ಲಿ ನಾನ ವಿಚಾರ ಮಾಡ್ಬೇಕು. ಮಂದಿ ಮಾತೇ ತಿಳೀದಾಕಿ ಏನ್ ವಿಚಾರ ಮಾಡ್ಲಿ?"

ಅವಳ ದುಃಖ ನೋಡಿ ನನಗೆ ಅಳು ಬರಬೇಕಿತ್ತು. ನಗು ಬಂತು. ಕಾರ್ತಿಕದಿಂದ ಈಚೆಗೆ ನಾನು ಹಾಗೆ ನಕ್ಕಿರಲಿಲ್ಲ. ಅವಳು ಮುಖ ಊದಿಸಿಕೊಂಡಳು. ಒಳಗೆ ಕರೆದುಕೊಂಡು ಹೋಗಿ ಬರಿದಾಗಿದ್ದ ಸಕ್ಕರೆ ಡಬ್ಬ ತೋರಿಸಿ, "ಇದು ಹೆಚ್ಚಿದೆ" ಎಂದೆ. ಅವಳು ಡಬ್ಬವನ್ನು ನೋಡಿದಳು, ನನ್ನನ್ನು ನೋಡಿದಳು.

"ಖಾಲಿ ಆದ್ರ ಖಾಲಿ ಅನ್ರಿ! ಹಿಂಗ ಉಲ್ಟಾ ಮಾತಾಡಿದ್ರ ನಾವು ಬದುಕೋದು ಹ್ಯಾಂಗ?"

ಮರುದಿನದಿಂದ ಜಗಲಿಯ ಮೇಲೆ ಪಾಠ ನಡೆಯಿತು. ಅವಳ ಡ್ಯೂಟಿ ಮುಗಿದ ಮೇಲೆ, ದೀಪ ಹಚ್ಚುವ ಮೊದಲು, ನಾನು ಚಾಪೆಯ ಮೇಲೆ ರೋಗಿಯಾಗಿ ಮಲಗುತ್ತಿದ್ದೆ. ಅವಳು ನಾಡಿ ಹಿಡಿದು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು, ಪ್ರಶ್ನೆ ಕೇಳುತ್ತಿದ್ದಳು. ನಾನು ನಮ್ಮ ಕಡೆಯ ಮಾತಿನಲ್ಲಿ ಉತ್ತರ ಹೇಳುತ್ತಿದ್ದೆ. ಮೇಲುಸಿರು ಎಂದರೇನು, ಹೊಟ್ಟೆ ತೊಳಸುವುದಕ್ಕೂ ಸಂಕಟಕ್ಕೂ ಏನು ಭೇದ, ಕಾಲು ಜೋಮು ಹಿಡಿಯುವುದು ಹೇಗೆ, ಇವನ್ನೆಲ್ಲ ಕಲಿತಳು. ಯಜಮಾನರು ಹೋದ ಮೇಲೆ ಆ ಹೊತ್ತನ್ನು ಕಳೆಯುವುದೇ ನನಗೆ ಕಷ್ಟವಾಗಿತ್ತು. ಈಗ ನಾಲ್ಕು ಗಂಟೆಯಾಗುತ್ತಲೇ ಚಾಪೆ ಹಾಸಿ ಗೇಟಿನ ಸದ್ದಿಗೆ ಕಾಯತೊಡಗಿದೆ.

ಸಿದ್ದಮ್ಮನೂ ರೋಗಿಯಾಗಲು ಬಂದಳು.

"ಎದಿ ನೋವು ಯಾವಾಗಿಂದ ಅದ ರೀ?"

"ನಮ್ಮ ದೊಡ್ಡ ಸೊಸೆ ಬಂದಾಗಿಂದ."

"ಏನು ಮಾಡಿದ್ರ ಕಡಿಮಿ ಆಗ್ತದ?"

"ಅವ್ಳು ತೌರಿಗೋದ್ರೆ."

ಅಂದು ಪಾಠ ಮುಂದುವರಿಯಲಿಲ್ಲ.

ಎರಡು ವಾರ ಕಳೆಯಿತು. ಶಿವಗಂಗಾ ಮಾತುಗಳನ್ನು ಕಲಿತಳು, ಆದರೆ ಅವಳ ಹೆದರಿಕೆ ಹೋಗಲಿಲ್ಲ. ಕಲಿಯದ ಮಾತು ಇನ್ನೆಷ್ಟು ಇವೆಯೋ ಎಂದು ಕೊರಗುತ್ತಿದ್ದಳು. ಆಗ ನಾನು ಯಜಮಾನರು ಗುಡಿಯಲ್ಲಿ ಮಾಡುತ್ತಿದ್ದ ಒಂದು ಕ್ರಮವನ್ನು ಹೇಳಿದೆ.

ನಮ್ಮ ಗುಡಿಯಲ್ಲಿ ಭಕ್ತರು ತಮ್ಮ ಕಷ್ಟವನ್ನು ಪೂಜಾರಿಗೆ ಹೇಳುತ್ತಾರೆ. ಪೂಜಾರಿ ಅದನ್ನು ಅಮ್ಮನಿಗೆ ಗಟ್ಟಿಯಾಗಿ ಅರಿಕೆ ಮಾಡುತ್ತಾನೆ. ಯಜಮಾನರು ಕೇಳಿದ ಕೂಡಲೇ ಅಮ್ಮನ ಕಡೆಗೆ ತಿರುಗುತ್ತಿರಲಿಲ್ಲ. ಮೊದಲು ಹೇಳಿದವರಿಗೇ ತಿರುಗಿ ಹೇಳುತ್ತಿದ್ದರು. ಇಂಥವರ ಮಗಳು, ಇಂಥ ತೊಂದರೆ, ಇಷ್ಟು ದಿನದಿಂದ, ಸರಿಯಾ ತಾಯಿ? ಅವರು ಸರಿ ಎಂದ ಮೇಲೆಯೇ ಗಂಟೆ ಮುಟ್ಟುತ್ತಿದ್ದರು. ಭಕ್ತರು ಹೇಳಿದ ಮಾತನ್ನೇ ತಿರುಗಿ ಒಪ್ಪಿಸುತ್ತಿರಲಿಲ್ಲ. ತಾವು ತಿಳಿದುಕೊಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳಿದರೆ ಯಾರಾದರೂ ಹೌದೆಂದು ತಲೆ ಆಡಿಸುತ್ತಾರೆ, ತಿಳಿದದ್ದನ್ನು ಹೇಳಿದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ ಎನ್ನುತ್ತಿದ್ದರು. ಒಮ್ಮೆ ಕಚೇರಿಗೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದ ಒಬ್ಬಾತ, "ಅಮ್ಮನಿಗೆ ಎಲ್ಲಾ ಗೊತ್ತಿಲ್ವಾ ಸ್ವಾಮಿ?" ಎಂದು ಕೇಳಿದ್ದ.

"ಅಮ್ಮನಿಗೆ ಗೊತ್ತಪ್ಪಾ. ನನಗೆ ಗೊತ್ತಾಗ್ಬೇಕಲ್ಲ" ಎಂದಿದ್ದರು ಯಜಮಾನರು.

ಶಿವಗಂಗಾ ಸ್ಟೆತಾಸ್ಕೋಪನ್ನು ಮಡಿಸಿ ಪಕ್ಕಕ್ಕಿಟ್ಟಳು. ಕ್ಲಾಸಿನಲ್ಲಿಯೂ ಇದನ್ನು ಹೇಳಿಕೊಟ್ಟಿದ್ದಾರೆ, ಆದರೆ ಅವಸರದಲ್ಲಿ ಯಾರೂ ಮಾಡುವುದಿಲ್ಲ ಎಂದಳು. ಆಮೇಲೆ ಯಜಮಾನರ ಕೊನೆಯ ದಿನಗಳ ಬಗ್ಗೆ ಕೇಳಿದಳು. ಅವರಿಗೆ ಮೂಗು ಬಾಯಿಗೆಲ್ಲ ಮಾಸ್ಕ್ ಹಾಕಿದ್ದರು. ಅದರೊಳಗಿಂದ ಏನೋ ಹೇಳುತ್ತಿದ್ದರು. ನರ್ಸುಗಳು ಬಗ್ಗಿ ಕೇಳಿದರು, ಶ್ರೀಧರ ಕೇಳಿದ, ನಾನೂ ಕೇಳಿದೆ. ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ಇಷ್ಟನ್ನು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ನಾಡಿ ನೋಡಲು ಹಿಡಿದದ್ದಲ್ಲವೆಂದು ನನಗೆ ತಿಳಿಯಿತು.

ಪರೀಕ್ಷೆ ಶುಕ್ರವಾರ ಬಂತು. ಬೆಳಿಗ್ಗೆ ಗುಡಿಗೆ ಹೋಗಿ ಶ್ರೀಧರನಿಗೆ ನನ್ನ ಅರಿಕೆ ಹೇಳಿದೆ. ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಆದರೂ ಅಪ್ಪನ ಕ್ರಮ ಬಿಡದೆ ತಿರುಗಿ ಹೇಳಿದ.

"ಯಾದಗಿರಿ ಕಡೆ ಶಿವಗಂಗಾ, ಇವತ್ತು ಪರೀಕ್ಷೆ ಪಾಸಾಗ್ಬೇಕು. ಸರಿಯಾಮ್ಮ?"

"ಪಾಸಾಗ್ಬೇಕು ಅಂತ ನಾನೆಲ್ಲಿ ಹೇಳ್ದೆ? ರೋಗಿ ಹೇಳೋದು ಅವಳಿಗೆ ಸರಿಯಾಗಿ ತಿಳೀಬೇಕು ಅಂದೆ."

ಶ್ರೀಧರ ನನ್ನ ಮುಖ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿ, ನಾನು ಹೇಳಿದಂತೆಯೇ ಅರಿಕೆ ಮಾಡಿ ಗಂಟೆ ಹೊಡೆದ. ಅಮ್ಮನ ಬಲಗಡೆಯಿಂದ ಒಂದು ಸೇವಂತಿಗೆ ಬಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಸಂಜೆ ಶಿವಗಂಗಾ ಬಂದಳು. ಅವಳು ಹೇಳಿದ್ದನ್ನು ನಾನು ಕೇಳಿದಂತೆಯೇ ಬರೆಯುತ್ತೇನೆ.

ನಮ್ಮ ಕಡೆಯ ಮಾತುಗಳನ್ನೆಲ್ಲ ನೆನೆಯುತ್ತ ಹೋದವಳಿಗೆ ಸಿಕ್ಕಿದ ರೋಗಿ ಅವಳ ಕಡೆಯವನೇ. ಹೆಸರು ಭೀಮಪ್ಪ, ಸುರಪುರದ ಹತ್ತಿರದವನು, ಸರ್ಜಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದವನು. ಶ್ವಾಸಕೋಶಕ್ಕೆ ಸೋಂಕು ತಗಲಿ ಹಿಂದಿನ ದಿನ ಸೇರಿದ್ದ. ಇವಳ ಮಾತು ಕೇಳುತ್ತಲೇ ನಮ್ಮೂರ ಮಗಳು ಎಂದು ಅವನ ಮುಖ ಅರಳಿತು. ಇವಳಿಗೂ ಜೀವ ಬಂದಂತಾಯಿತು. ಕೃಪಾ ಮೇಡಂ ಮತ್ತು ಒಬ್ಬ ಡಾಕ್ಟರು ಹಾಸಿಗೆಯ ಆಚೆ ನಿಂತಿದ್ದರು. ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ಒಂದು ಮಾತೂ ತಡೆಯಲಿಲ್ಲ. ಔಷಧಿಯ ವಿಷಯ ಬಂದಾಗ, "ಗುಳಿಗಿ ತಗೊಂಡೀನವ್ವ, ಐದ್ ದಿನದ್ದು" ಎಂದ. ಹಿಂದಿನ ದಿನ ನೋಡಿದವರಿಗೂ ಹಾಗೆಯೇ ಹೇಳಿದ್ದ. ಐದು ದಿನದ ಮಾತ್ರೆಗೆ ರೋಗ ಜಗ್ಗಿಲ್ಲವೆಂದು, ಇನ್ನೂ ಬಲವಾದ ಔಷಧಿಗೆ ಬದಲಿಸುವ ಆಲೋಚನೆ ನಡೆದಿತ್ತು.

"ಮುಗೀತು, ಇನ್ನ ಎದಿ ಪರೀಕ್ಷಾ ಮಾಡ್ಬೇಕು ಅಂತ ಎದ್ದೆ ಆಯಿ," ಎಂದಳು. "ನಮ್ಮ ಮಾತು, ನಮ್ಮ ಮಂದಿ. ಇದ್ರಾಗ ತಿರುಗಿ ಕೇಳೋದು ಏನದ ಅನಿಸ್ತು. ಆದ್ರ ಗುಡಿ ನೆನಪಾತು. ಕುಂತೆ."

ಕುಳಿತು ತಾನು ತಿಳಿದುಕೊಂಡದ್ದನ್ನು ತನ್ನ ಮಾತಿನಲ್ಲಿ ಅವನಿಗೆ ಹೇಳಿದಳು. ಜ್ವರ ಬಂದು ವಾರವಾಯಿತು, ಕೆಮ್ಮಿದರೆ ಬಲಗಡೆ ಎದೆ ಹಿಡಿಯುತ್ತದೆ, ಐದು ದಿನ ಗುಳಿಗೆ ನುಂಗಿದರೂ ಕಡಿಮೆಯಾಗಿಲ್ಲ. ಹೌದಲ್ರಿ ಕಾಕಾ?

ಭೀಮಪ್ಪ ತಲೆ ಅಡ್ಡಡ್ಡ ಆಡಿಸಿದ.

"ನುಂಗೀನಂತ ಯಾರ್ ಹೇಳ್ಯಾರ? ತಗೊಂಡೀನಿ ಅಂದೆ. ಅಂಗಡ್ಯಾಗ ತಗೊಂಡೀನಿ. ಚೀಲದಾಗ ಹಂಗೇ ಅದಾವ."

ಉಂಡ ಮೇಲೆ ನುಂಗಬೇಕೆಂದು ಅಂಗಡಿಯವರು ಹೇಳಿದ್ದರು. ಅವನಿಗೆ ಅಂದಿನಿಂದ ಊಟವೇ ಸೇರಿರಲಿಲ್ಲ. ಉಣ್ಣದೆ ಹೇಗೆ ನುಂಗಲಿ ಎಂದು ಇವಳನ್ನೇ ಕೇಳಿದನಂತೆ. ಹಿಂದಿನ ದಿನ ಕೇಳಿದವರೂ ಕನ್ನಡದವರೇ, ಹೇಳಿದವನೂ ಕನ್ನಡದವನೇ. ತೆಗೆದುಕೊಂಡೆ ಎಂಬ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕಾಗಿಯೇ ಯಾರೂ ಅದನ್ನು ಬಿಡಿಸಿ ನೋಡಿರಲಿಲ್ಲ.

ಅವಳು ಎದೆ ಬೆನ್ನು ಪರೀಕ್ಷಿಸಿ, ಉಸಿರು ಎಣಿಸಿ, ಆಕ್ಸಿಜನ್ ನೋಡಿ, ಡಾಕ್ಟರ ಕಡೆ ತಿರುಗಿದಳು. ಮೊದಲ ಔಷಧಿ ಸೋತಿಲ್ಲ ಸರ್, ಒಳಗೇ ಹೋಗಿಲ್ಲ ಎಂದಳು. ತಾನು ಈಗ ಏನು ಶುರುಮಾಡುವೆ, ಯಾವ ಲಕ್ಷಣ ಕಂಡರೆ ಅವರನ್ನು ಕರೆಯುವೆ ಎಂಬುದನ್ನು ಹೇಳಿದಳು. ಅವರು ಸಾಕಷ್ಟು ಪ್ರಶ್ನೆ ಕೇಳಿದರು. ಎರಡಕ್ಕೆ ಅವಳಿಗೆ ಉತ್ತರ ಬರಲಿಲ್ಲ. ಗೊತ್ತಿಲ್ಲ, ಓದಿ ಹೇಳುತ್ತೇನೆ ಎಂದಳು. ಭೀಮಪ್ಪನಿಗೆ ಡ್ರಿಪ್ಪಿನಲ್ಲಿ ಮೊದಲು ಕೊಡಬೇಕಿದ್ದ ಔಷಧಿಯನ್ನೇ ಕೊಡುವುದೆಂದು ಡಾಕ್ಟರು ನಿರ್ಧರಿಸಿದರು. ಕೃಪಾ ಮೇಡಂ ಅವಳನ್ನು ಹೊರಗೆ ಕರೆದು, ಮುಂದಿನ ವಾರದಿಂದ ಜೊತೆಯವರೊಂದಿಗೆ ಮುಂದಿನ ವಾರ್ಡಿಗೆ ಹೋಗು ಎಂದರು. ಎರಡು ಪ್ರಶ್ನೆಗಳ ಉತ್ತರವನ್ನು ಸೋಮವಾರವೇ ಕೇಳುತ್ತೇನೆ ಎಂದೂ ಹೇಳಿದರು.

ನಾನು ಸೆರಗಿನ ಹೂವನ್ನು ಬಿಚ್ಚಿ ಅವಳಿಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡು ಮುಡಿದಳು. ಎರಡನೆಯ ವರ್ಷದ ಓದು ಇನ್ನೂ ಕಷ್ಟವಂತೆ. ಬಿಡುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕತ್ತಲಾಗುತ್ತ ಬಂತು. ನಾನು ಅಡಿಗೆಮನೆಯಲ್ಲಿ ಒಲೆಯ ಮೇಲೆ ಅವಲಕ್ಕಿ ಪಾಯಸಕ್ಕೆ ಹಾಲಿಟ್ಟಿದ್ದೆ. ದೇವರ ಮುಂದೆ ದೀಪ ಹಚ್ಚು ಎಂದು ಅವಳಿಗೆ ಹೇಳಿದೆ. ದೇವರ ಮನೆಯಲ್ಲಿ ಶೀಸೆಯನ್ನು ಎತ್ತಿ ಅಲ್ಲಾಡಿಸಿದ ಸದ್ದು ಕೇಳಿತು. ಆಮೇಲೆ ಅವಳು ಕೂಗಿದಳು.

"ಆಯಿ, ಎಣ್ಣಿ ಹೆಚ್ಚೇದ."

ನಾನು ಹಾಲು ತಿರುವುತ್ತಿದ್ದ ಕೈಯನ್ನು ನಿಲ್ಲಿಸಿದೆ. ಕೇಳಿದ್ದನ್ನು ತಿರುಗಿ ಹೇಳುವ ಅಭ್ಯಾಸ ಈ ತಿಂಗಳಲ್ಲಿ ನನಗೂ ಬಂದುಬಿಟ್ಟಿತ್ತು.

"ತೀರಿದೆ ಅಂತ ತಾನೆ ಹೇಳಿದ್ದು?" ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದನ್ನು ನಾನೇ ಕೇಳಿಸಿಕೊಂಡೆ. ಗೋಡೆಯ ಮೇಲೆ ಯಜಮಾನರ ಪಟವಿತ್ತು. ಹಾಲು ಉಕ್ಕಿ ಬರುತ್ತಿತ್ತು, ಉರಿ ಸಣ್ಣಗೆ ಮಾಡಿದೆ.

"ಹೌದು ಆಯಿ, ತೀರೇದ."

"ಹಾಗಾದ್ರೆ ಅಂಗಡಿಗೆ ಹೋಗಿ ತಗೊಂಡು ಬಾ" ಎಂದೆ. ಅವಳು ಚಪ್ಪಲಿ ಮೆಟ್ಟಿ ಹೊರಟಳು. ನಾನು ಬತ್ತಿ ಹೊಸೆಯುತ್ತ ಕುಳಿತೆ.