ಕಾರ್ಡಿನಲ್ಲಿ ಅಪ್ಪ ಇಲ್ಲ

ಕಾರ್ಡು ಉಜ್ಜುವ ಯಂತ್ರದ ಹಸಿರು ದೀಪ ಮಿಣ್ ಮಿಣ್ ಎನ್ನುತ್ತಿದೆ, ಒಂಟಿಗಣ್ಣಲ್ಲಿ ಕಣ್ಣು ಹೊಡೆಯುವ ಪೋಲಿಯ ಹಾಗೆ, ಅವ್ವನಿಗೂ ಈಗ ಒಂದೇ ಕಣ್ಣು, ಬೆಳಿಗ್ಗೆ ಪೊರೆ ತೆಗೆಸಿಕೊಂಡು ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ರಂಗವ್ವ ಲಾಡ್ಜಿನ ಸೋಫಾದ ತುದಿಯಲ್ಲಿ, ಒರಗಿದರೆ ಹೊಲಸಾದೀತು ಎಂಬಂತೆ, ನೆಟ್ಟಗೆ ಕೂತಿದ್ದಾಳೆ, ಇದನ್ನು ನಾಳೆ ಸ್ಟಾಫ್‌ರೂಮಿನಲ್ಲಿ ಹೇಳಿದರೆ ಒಬ್ಬರೂ ನಂಬಲಿಕ್ಕಿಲ್ಲ, ಬಿಂದು ಹೇಳಿದಳೆಂದರೆ ಮುಗಿಯಿತು, ಬುರುಡೆ, ಆದರೆ ಇದು ಮಾತ್ರ ಅಪ್ಪನಾಣೆಗೂ ನಿಜ — ಅಪ್ಪನಾಣೆ! ಆಣೆ ಇಡಲಿಕ್ಕಾದರೂ ಅಪ್ಪ ಬೇಕಲ್ಲ, ಅವನೇ ಇಲ್ಲವಂತೆ, ಕೌಂಟರಿನ ಮ್ಯಾನೇಜರ್ ದಿನೇಶ್ ಈಗಷ್ಟೇ ಹೇಳಿದ, ಸಾರಿ ಮೇಡಂ, ನಿಮ್ಮ ಆಧಾರಲ್ಲಿ ಅಪ್ಪ ಇದ್ದಾರೆ, ಕಾರ್ಡಲ್ಲಿ ಅಪ್ಪ ಇಲ್ಲ. ಆಧಾರಿನಲ್ಲಿ ಬಿಂದು ಮೈಲಾರಲಿಂಗಪ್ಪ, ಕಾರ್ಡಿನಲ್ಲಿ ಜಾಗ ಸಾಲದೆ ಬ್ಯಾಂಕಿನವರು ಕತ್ತರಿಸಿದ ಬಿಂದು ಮೈಲಾರಲಿಂಗ್, ಬಿದ್ದುಹೋದ ಇಂಗ್ಲಿಷ್ ಅಕ್ಷರ ನಾಲ್ಕೇ ನಾಲ್ಕು, ಎ ಪಿ ಪಿ ಎ, ಬ್ಯಾಂಕಿನ ಕತ್ತರಿಗೆ ಬೇರೆಲ್ಲೂ ಜಾಗ ಸಿಗಲಿಲ್ಲ, ಸರಿಯಾಗಿ ಅಪ್ಪನ ಕುತ್ತಿಗೆಗೇ ಬಂತು. ರೊಕ್ಕ ಕೊಡ್ತೀನ್ರಿ, ತಗೊಳ್ರಿ ಎಂದರೆ ನಡೆಯಲ್ಲ, ಫೋನಿಂದ ಸ್ಕ್ಯಾನ್ ಮಾಡ್ತೀನಿ ಎಂದರೆ ನಡೆಯಲ್ಲ, ಆನ್‌ಲೈನಲ್ಲಿ ಬುಕ್ ಮಾಡಿದ ಕಾರ್ಡನ್ನೇ ತೋರಿಸಬೇಕು, ಹೆಸರು ಹೊಂದಬೇಕು, ಹನ್ನೆರಡಕ್ಕೆ ಕ್ಯಾನ್ಸಲ್ ಆಗುತ್ತೆ ಮೇಡಂ, ಪಾಲಿಸಿ — ಪಾಲಿಸಿ ಪಾಲಿಸಿ ಎಂದು ಪಾಲಿಸುವ ಈ ಪಾಲಕನ ದನಿ ಮೂಗಿನಲ್ಲಿ ಹುಟ್ಟಿ ಟೈ ಗಂಟಿನಲ್ಲಿ ಸಾಯುತ್ತದೆ, ಆಗಲೇ ಅವಳ ನಾಲಿಗೆ ಅದರ ಅಳತೆ ತೆಗೆದುಕೊಂಡಾಗಿದೆ, ಅದಕ್ಕೇನು, ಓದುವ ಕಾಲದಲ್ಲಿ ಹರಿಹರದ ಬಸ್ಸಿನಲ್ಲಿ ಕಾಲೇಜಿಗೆ ಬರುವಾಗ ಕಂಡಕ್ಟರನ ದನಿಯಲ್ಲಿ ಹೋಲ್ಡಾನ್ ಎಂದು ಕೂಗಿ ಎರಡು ಸಲ ಬಸ್ಸು ನಿಲ್ಲಿಸಿದ ನಾಲಿಗೆ ಅದು, ಅಪ್ಪ ಹೇಳುವುದು ಸರಿ, ನಿನ್ನ ಬಾಯಾಗ ನೀನೊಬ್ಬಾಕಿ ಬಿಟ್ಟು ಊರೆಲ್ಲಾ ಐತಲ್ಲೇ.

ಗಂಟೆ ಹನ್ನೊಂದೂವರೆ. ಡಾಕ್ಟರು ಹೇಳಿದ್ದಾರೆ, ಅಮ್ಮಾರನ್ನ ಬಸ್ಸಲ್ಲಿ ಕುಲುಕಿಸಬ್ಯಾಡ್ರಿ, ನಾಳೆ ಪಟ್ಟಿ ಬಿಚ್ಚೋತನಕ ಇಲ್ಲೇ ಮಲಗಿಸಿರಿ, ಅವರೂರು ಭಾನುವಳ್ಳಿಯ ಬಸ್ಸಾದರೋ ಹರಿಹರ ದಾಟಿದ ಮೇಲೆ ಓಡುವುದಿಲ್ಲ, ಕುಪ್ಪಳಿಸುತ್ತದೆ, ವಿದ್ಯಾನಗರದ ಅವಳ ಪಿ.ಜಿ.ಯಲ್ಲಿ ಹೊರಗಿನವರು ಉಳಿಯುವಂತಿಲ್ಲ, ಅವ್ವ ಹೊರಗಿನವಳು! ಮದುವೆ ಸೀಸನ್, ಉಳಿದ ಲಾಡ್ಜೆಲ್ಲ ಫುಲ್, ಸಿಕ್ಕಿದ್ದು ಇದೊಂದೇ ರೂಮು, ಅದಕ್ಕೂ ಅಪ್ಪನ ಅಡ್ಡಿ. ಬಿಂದು, ಸಾಕು ಬಿಡೇ, ಊರಿಗೆ ಹೋಗೋಣ, ನಂಗೇನೂ ನೋವಿಲ್ಲ ಎನ್ನುತ್ತಾಳೆ ಅವ್ವ, ಎನ್ನುವಾಗ ಸೋಫಾದ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಾಳೆ, ಗೆಣ್ಣು ಬೆಳ್ಳಗಾಗಿವೆ, ಆ ಗೆಣ್ಣು ನೋಡಿ ಬಿಂದುವಿಗೆ ಅನಿಸುತ್ತದೆ, ಜಗಳ ಆಡಬೇಕು, ಕೂಗಾಡಬೇಕು, ಆದರೆ ದಿನೇಶನೂ ಅಳುಮುಖ ಮಾಡಿ ಹೇಳುತ್ತಾನಲ್ಲ, ಹೋದ ತಿಂಗಳು ಯಾರೋ ಕದ್ದ ಕಾರ್ಡಲ್ಲಿ ಮೂರು ದಿನ ಉಳಿದು ಹೋದ್ರು ಮೇಡಂ, ನನ್ನ ಕೆಲಸಕ್ಕೇ ಕುತ್ತು ಬಂದಿತ್ತು — ಕೂಗಿದರೆ ಇವನು ಇನ್ನೂ ಬಿಗಿಯಾಗುತ್ತಾನೆ, ಗೋಡೆಯ ಮೇಲೆ ಚೌಕಟ್ಟು ಹಾಕಿದ ನಿಯಮಗಳು, ಒಂದು, ಎರಡು, ಮೂರು, ನಾಲ್ಕನೆಯದು, ಹೆಸರಿನ ಯಾವುದಾದರೂ ಭಾಗ ಬಿಟ್ಟುಹೋಗಿದ್ದಲ್ಲಿ ಆ ಭಾಗದ ಒರಿಜಿನಲ್ ಹಾಜರುಪಡಿಸತಕ್ಕದ್ದು, ಜೆರಾಕ್ಸ್ ಒಪ್ಪುವುದಿಲ್ಲ. ಬಿಟ್ಟುಹೋದ ಭಾಗ. ಒರಿಜಿನಲ್. ತಡಿ ತಡಿ ತಡಿ — ಅವಳು ಹೊರಗೆ ಓಡುತ್ತಾಳೆ, ಮೆಟ್ಟಿಲ ಮೇಲೆ ಒರಿಜಿನಲ್ ಎಲೆಗೆ ಸುಣ್ಣ ಸವರುತ್ತ ಕೂತಿದೆ, ಪಕ್ಕದಲ್ಲಿ ವಾಚ್‌ಮನ್ ಸೂರಪ್ಪ, ಹತ್ತೇ ನಿಮಿಷದಲ್ಲಿ ಇಬ್ಬರೂ ನೆಂಟರಾಗಿದ್ದಾರೆ, ಒಳಗಿರೋದು ನಮ್ಮ ಆನಗೋಡಿನ ದಿನೇಶಪ್ಪ ಅಲ್ಲೇನ್ರೀ, ಎಂದು ಸೂರಪ್ಪ ನಗುತ್ತಾನೆ, ಟೈ ಕಟ್ಟಿದ ಮ್ಯಾಲೆ ಅಪ್ಪನ್ನ ಊರಾಗೇ ಬಿಟ್ಟು ಬಂದಾನೆ, ಬರೀ ದಿನೇಶ್. ಬರೀ ದಿನೇಶ್! ಅವನ ಎದೆಯ ಬಿಲ್ಲೆಯಲ್ಲೂ ಅಪ್ಪ ಇಲ್ಲ! ಬಿಂದುವಿಗೆ ಕಾಲಿನಿಂದ ತಲೆಯವರೆಗೆ ಕಚಗುಳಿ, ಅಪ್ಪಾ, ನಾ ಕೈ ಮಾಡಿದಾಗ ಒಳಗ ಬಾ, ಅಲ್ಲೀತನಕ ಎಲೆ ಅಗಿ.

ಕಂಬದ ಮರೆ, ಫೋನು, ಬುಕ್ಕಿಂಗ್ ಚೀಟಿಯ ಮೇಲಿನ ಲಾಡ್ಜಿನ ನಂಬರು, ಕೌಂಟರಿನಲ್ಲಿ ಟ್ರಿಣ್ ಟ್ರಿಣ್, ದಿನೇಶ್ ಎತ್ತುತ್ತಾನೆ, ಗಂಟಲು ಸಣ್ಣ ಮಾಡು, ಉಸಿರು ಬೇಡ, ಎಲ್ಲ ಬ್ಯಾಂಕಿನ ಎಲ್ಲ ಫೋನಿನಲ್ಲಿಯೂ ವಾಸವಾಗಿರುವ ಆ ಸಿಹಿ ಹೆಂಗಸಿನ ದನಿ ಬರಲಿ, ಬಂತು, ನಮಸ್ಕಾರ, ಅಪ್ಪ ಪರಿಶೀಲನಾ ವಿಭಾಗಕ್ಕೆ ಸ್ವಾಗತ, ಅಪ್ಪ ಇದ್ದರೆ ಒಂದನ್ನು ಒತ್ತಿ, ಅಪ್ಪ ಇಲ್ಲದಿದ್ದರೆ ಎರಡನ್ನು ಒತ್ತಿ, ಅಪ್ಪನನ್ನು ನೀವೇ ಬಿಟ್ಟುಬಂದಿದ್ದರೆ ಲೈನಿನಲ್ಲೇ ಇರಿ — ಕಂಬದಾಚೆಯಿಂದ ಇಣುಕುತ್ತಾಳೆ, ಅಯ್ಯೋ, ಒತ್ತಿದ, ಒಂದನ್ನು ಒತ್ತಿದ! ಕ್ಷಮಿಸಿ, ಬಿಲ್ಲೆಯ ಪ್ರಕಾರ ನೀವು ದಿನೇಶ್, ಊರಿನ ಪ್ರಕಾರ ದಿನೇಶಪ್ಪ, ಹೆಸರು ಹೊಂದುತ್ತಿಲ್ಲ, ನಿಮ್ಮ ಅಪ್ಪನ ಒರಿಜಿನಲ್ ಆನಗೋಡಿನಿಂದ ಬರುವವರೆಗೆ ದಯವಿಟ್ಟು ಕುರ್ಚಿಯಿಂದ ಏಳಿ, ಜೆರಾಕ್ಸ್ ಒಪ್ಪುವುದಿಲ್ಲ, ಧನ್ಯವಾದಗಳು. ದಿನೇಶ್ ಎದ್ದೇಬಿಟ್ಟ. ರಿಸೀವರ್ ಕೈಯಲ್ಲಿ, ಬಾಯಿ ತೆರೆದಿದೆ, ಕಂಬದ ಮರೆಯಿಂದ ಬಿಂದು ಬರುತ್ತಾಳೆ, ಫೋನು ಇನ್ನೂ ಕಿವಿಗೇ ಇದೆ, ಇನ್ನೊಂದು ಕೈ ಬಾಗಿಲ ಕಡೆ, ಕೆಂಪು ತುಟಿಯ ಮೈಲಾರಲಿಂಗಪ್ಪ ಪಂಚೆ ಸರಿಮಾಡಿಕೊಳ್ಳುತ್ತ ಒಳಗೆ ಬರುತ್ತಾನೆ, ಸರ್, ನಾಲ್ಕನೇ ನಿಯಮ, ಬಿಟ್ಟುಹೋದ ಭಾಗ, ಒರಿಜಿನಲ್, ನಾನು ಬರೀ ಜೆರಾಕ್ಸು, ಮೂಗು ಬೇಕಾದ್ರೆ ತಾಳೆ ನೋಡ್ರಿ. ಯಾಕ ತಮ್ಮಾ, ನಾ ಇಲ್ಲ ಅಂದ್ಯಂತೆ, ಇಲ್ಲೇ ಅದೀನಲ್ಲಪ್ಪಾ, ಎನ್ನುತ್ತಾನೆ ಅಪ್ಪ. ದಿನೇಶ್ ರಿಸೀವರನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡುತ್ತಾನೆ, ಕೆಟ್ಟಿತು, ಪೊಲೀಸರನ್ನೇ ಕರೆಯುತ್ತಾನೆ — ಆಮೇಲೆ ದಿನೇಶನ ಮೂಗಿನಿಂದ ಒಂದು ಗೊರ್ ಸದ್ದು, ಹೊಟ್ಟೆಯಿಂದ ಎರಡನೆಯದು, ಅಕ್ಕಾರೇ, ನಮ್ಮಪ್ಪಗೆ ಗೊತ್ತಾದ್ರೆ ಕಾಲಾಗಿನ ಕೆರ ತಗೋತಾನ್ರೀ, ಪಾಲಿಸಿಯ ಕನ್ನಡವೆಲ್ಲ ಎಲ್ಲಿ ಹೋಯಿತೋ, ಅವನು ರಿಜಿಸ್ಟರ್ ಎಳೆದು, ಸೊಟ್ಟಸೊಟ್ಟ ಅಕ್ಷರದಲ್ಲಿ, ಹೇಳಿಕೊಳ್ಳುತ್ತಲೇ ಬರೆಯುತ್ತಾನೆ, ಬಿಟ್ಟುಹೋದ ಭಾಗ, ಅಪ್ಪ, ಒರಿಜಿನಲ್ ಖುದ್ದಾಗಿ ನೋಡಲಾಗಿದೆ, ಹೊಂದುತ್ತದೆ, ಯಜಮಾನ್ರೇ ಇಲ್ಲೊಂದು ಸಹಿ, ಅಪ್ಪ ಮೈಲಾರಲಿಂಗಪ್ಪ ಎಂದು ಪೂರ್ತಿ ಬರೆಯುತ್ತಾನೆ, ಜಾಗ ಸಾಲದೆ ರಿಜಿಸ್ಟರಿನ ಪಕ್ಕದ ಮನೆಗೂ ನುಗ್ಗಿಸಿ ಬರೆಯುತ್ತಾನೆ, ಕಾರ್ಡು ಉಜ್ಜಿದ್ದಾಯಿತು, ಯಂತ್ರ ಕೀಂ ಎಂದಿದೆ, ಕೀಲಿ ಬಿಂದುವಿನ ಅಂಗೈಯಲ್ಲಿ ತಣ್ಣಗಿದೆ, ಅವ್ವ ನಗುತ್ತಾಳೆ, ಪಟ್ಟಿ ಅಲುಗೀತೆಂದು ಕೈ ಅಡ್ಡ ಹಿಡಿದು ನಗುತ್ತಾಳೆ, ಬಾಗಿಲಲ್ಲಿ ಸೂರಪ್ಪ ನಗುತ್ತಾನೆ, ಬಿಂದುವೂ, ಆದರೆ ಎಲ್ಲರ ನಗೆಯ ಮೇಲೆ ಹತ್ತಿ ಕೂತದ್ದು ದಿನೇಶನದೇ, ಕೌಂಟರಿಗೆ ಹಣೆ ಹಚ್ಚಿ, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು, ಒಂದ್ ಒತ್ತೀನಿ ಅಕ್ಕಾರೇ, ಒಂದ್ ಒತ್ತೀನಿ ಎಂದು ತೋರುಬೆರಳು ಎತ್ತಿ ತೋರಿಸುತ್ತ, ಆ ಬೆರಳು, ಒಂದೇ ಒಂದು ಬೆರಳು, ಇನ್ನೂ ಗಾಳಿಯಲ್ಲಿ ಒಂದನ್ನು ಒತ್ತುತ್ತಲೇ ಇದೆ