ಭರತೇಶರ ಮನೆಗೆ ಬಾರದ ಪೊಲೀಸರು

ಮಂತ್ರಿಗಳು ವಡೋದರಾಕ್ಕೆ ಬರುವ ದಿನ ಬೆಳಿಗ್ಗೆ ಪೊಲೀಸರು ನೀಲಾಳ ಮನೆಗೆ ಹೋದರು, ಭರತೇಶರ ಮನೆಗೆ ಬರಲಿಲ್ಲ. ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಲ್ಕನಿಯಲ್ಲಿ ನಿಂತಿದ್ದ ಭರತೇಶರಿಗೆ ಗೇಟಿನಲ್ಲಿ ಕಂಡದ್ದು ಹಾಲಿನವನೊಬ್ಬನೇ.

“ಯಾರರ ಬರವರಿದ್ದಾರೇನ್ರೀ?” ಒಳಗಿನಿಂದ ಹೆಂಡತಿ ಊರ್ಮಿಳಾ ಕೇಳಿದರು.

“ಯಾರೂ ಇಲ್ಲ.”

“ಹಂಗಾರ ಆ ಹೊಸ ಅಂಗಿ ಯಾರ ಸಲುವಾಗಿ?”

ಭರತೇಶರು ಕಾಲರು ಸರಿಪಡಿಸಿಕೊಂಡು ಮತ್ತೆ ಗೇಟಿನತ್ತ ನೋಡಿದರು. ದೊಡ್ಡವರು ಬರುವ ದಿನ ಸರ್ಕಾರವನ್ನು ಪ್ರಶ್ನಿಸುವವರ ಬಾಗಿಲಿಗೆ ಪೊಲೀಸರನ್ನು ಕೂರಿಸುವುದು ರೂಢಿಯಾಗಿಬಿಟ್ಟಿತ್ತು. ವಾರಂಟು ಇರುವುದಿಲ್ಲ, ಕೇಸೂ ಇರುವುದಿಲ್ಲ. ಮಂತ್ರಿಗಳ ಕಾರು ಊರು ದಾಟಿದ ಮೇಲೆ ಅವರು ಕೊನೆಯ ಚಹಾ ಕುಡಿದು ಎದ್ದು ಹೋಗುತ್ತಾರೆ. ಹೋದ ಸಲವೂ ನೀಲಾಳ ಮನೆಗೇ ಹೋಗಿದ್ದರು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಅವಳ ಬಗ್ಗೆ ‘ನಮ್ಮ ಹುಬ್ಬಳ್ಳಿಯ ಹುಲಿ’ ಎಂಬ ಸಂದೇಶ ಬಂದು ಬಿದ್ದಿತ್ತು. ಭರತೇಶರು ಅದನ್ನು ಓದಿ ಫೋನನ್ನು ಮಗುಚಿಟ್ಟರು.

ವಿಶ್ವಾಮಿತ್ರಿ ನದಿಯ ಪಶ್ಚಿಮ ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿ, ಅದರ ಮೇಲೆ ವಾಕಿಂಗ್ ಪಥ, ಅಂಗಡಿ ಸಾಲು, ಸಂಗೀತ ಕಾರಂಜಿ ಮಾಡುವುದು ಸರ್ಕಾರದ ಯೋಜನೆ. ಕೊಯಾಲಿಯ ರಿಫೈನರಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿ ನಿವೃತ್ತರಾದ ಭರತೇಶರೂ ಕಾಲೇಜಿನಲ್ಲಿ ಭೂಗೋಳ ಕಲಿಸುವ ನೀಲಾಳೂ ಒಂದಿಡೀ ಬೇಸಿಗೆ ಆ ನದಿಯ ಮೊಸಳೆಗಳ ಕಣ್ಣು ತಪ್ಪಿಸುತ್ತ ಆ ದಂಡೆಯ ಎತ್ತರ ಅಳೆದಿದ್ದರು. ಉಪಕರಣ ಭರತೇಶರದು, ಲೆಕ್ಕವೂ ಅವರದೇ. ಆದರೆ ಈ ಕಡೆ ತಡೆದ ನೀರು ಎಲ್ಲಿಗೆ ಹೋಗಬೇಕು ಎಂದು ಮೊದಲು ಕೇಳಿದವಳು ನೀಲಾ. ಪೂರ್ವ ದಂಡೆಯ ತಗ್ಗಿನ ಬಸ್ತಿಗೆ, ಬಡವರ ಕೇರಿಗೆ ನುಗ್ಗುತ್ತದೆ ಎಂದು ನಕ್ಷೆ ಬರೆದು ತೋರಿಸಿದವಳೂ ಅವಳೇ. ಅಹಮದಾಬಾದಿನ ಪತ್ರಿಕೆಯಲ್ಲಿ ಲೇಖನ ಇಬ್ಬರ ಹೆಸರಿನಲ್ಲೂ ಬಂತು. ಟಿವಿಯವರು ಮಾತ್ರ ಅವಳೊಬ್ಬಳನ್ನೇ ಕರೆದರು.

ತಡೆಯಲಾರದೆ ಭರತೇಶರು ಸ್ಕೂಟರ್ ತೆಗೆದು ಅವಳ ಮನೆಗೇ ಹೋದರು. ಜಗಲಿಯ ಉಯ್ಯಾಲೆಯಲ್ಲಿ ಇಬ್ಬರು ಮಹಿಳಾ ಪೇದೆಗಳು ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು.

“ಹೋಗಿ ಕಾಕಾ, ಒಳಗೇ ಇದ್ದಾರೆ,” ಎಂದಳು ಒಬ್ಬಳು ಗುಜರಾತಿಯಲ್ಲಿ.

“ನಾನೂ ಆ ಯೋಜನೆಯ ವಿರೋಧಿ,” ಭರತೇಶರು ನಿಂತಲ್ಲೇ ಹೇಳಿದರು.

“ಇರಲಿ ಬಿಡಿ ಕಾಕಾ. ನಿಮ್ಮ ಬಗ್ಗೆ ಸಾಹೇಬರು ಏನೂ ಹೇಳಿಲ್ಲ.”

ಇನ್ನೊಬ್ಬಳು ಮುಖ ತಗ್ಗಿಸಿ ನಕ್ಕಳು.

ಒಳಗೆ ನೀಲಾ ನಕ್ಷೆಯ ಸುರುಳಿ ಹಿಡಿದೇ ನಿಂತಿದ್ದಳು. “ನಿಮ್ಮನ್ನ ಬಿಟ್ಟಾರಲ್ಲ ಕಾಕಾ, ಛಲೋ ಆತು! ಅಹವಾಲು ಸಭಾ ಇವತ್ತ ಒಂದ ದಿನ. ಇವತ್ತ ಯಾರೂ ವಿರೋಧ ಬರಸಲಿಲ್ಲ ಅಂದ್ರ ಗ್ವಾಡಿಗೆ ಮಂಜೂರಿ ಸಿಕ್ಕಂಗ. ನೀವ ಹೋಗಿ ಹೇಳ್ರಿ.”

‘ಛಲೋ ಆತು’ ಎಂಬ ಮಾತು ಭರತೇಶರ ಎದೆಗೆ ಚುಚ್ಚಿತು.

“ನನ್ನನ್ನ ಮನಿಯೊಳಗ ಕೂಡಿ ಹಾಕ್ಯಾರ ಅನ್ನೋದನ್ನೂ ಹೇಳ್ರಿ. ಅದೂ ದಾಖಲ ಆಗಬೇಕು.”

“ನೋಡೂಣು,” ಎಂದು ಅವರು ನಕ್ಷೆ ಇಸಿದುಕೊಂಡರು. ದಾರಿಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡರು. ನೀರಿನ ವಿಷಯ ಪೂರ್ತಿ ಹೇಳುವುದು, ಅವಳ ಹೆಸರು ಎತ್ತದಿರುವುದು. ಪೊಲೀಸರ ಗೌರವ ಅವಳಿಗೆ ಸಿಕ್ಕಿದೆ, ಮೈಕಿನ ಗೌರವ ತಮಗಿರಲಿ.

ಸಭೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಎದ್ದು ಕೈಮುಗಿದರು. “ಆವೋ ಆವೋ, ಭರತೇಶ್‌ಭಾಯ್!” ಮುಂದಿನ ಸಾಲಿನಲ್ಲಿ ಕುರ್ಚಿ, ಕೈಗೆ ನೀರಿನ ಬಾಟಲಿ. ಹಿಂದಿನ ಸಾಲುಗಳಲ್ಲಿ ಪೂರ್ವ ದಂಡೆಯ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಭರತೇಶರು ನಕ್ಷೆ ಬಿಚ್ಚಿ, ಗೋಡೆಯ ಎತ್ತರ, ನೀರಿನ ಹರಿವು, ಬಸ್ತಿಯ ತಗ್ಗು ಎಲ್ಲವನ್ನೂ ಒಂದೂ ತಪ್ಪಿಲ್ಲದೆ ವಿವರಿಸಿದರು. ಯಾರೂ ಅಡ್ಡ ಬರಲಿಲ್ಲ. ಅಧಿಕಾರಿ ಕೊನೆಯವರೆಗೂ ತಲೆದೂಗಿದರು.

ಆಮೇಲೆ ಪಕ್ಕದ ಗುಮಾಸ್ತನಿಗೆ ಹೇಳಿದರು: “ಬರೆದುಕೋ. ಹಿರಿಯ ಎಂಜಿನಿಯರ್ ಭರತೇಶ್‌ಭಾಯ್ ಯೋಜನೆಗೆ ಅಮೂಲ್ಯ ಸಲಹೆ ಕೊಟ್ಟರು. ವಿರೋಧ ಯಾರದೂ ಇಲ್ಲ.” ಪತ್ರಕರ್ತರತ್ತ ತಿರುಗಿ ನಕ್ಕರು. “ನೋಡಿ, ಮಾತಾಡಬೇಕೆನ್ನುವವರನ್ನು ಯಾರು ತಡೆದಿದ್ದಾರೆ?”

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ಹೆಂಗಸರು ತಟ್ಟಲಿಲ್ಲ, ಭರತೇಶರನ್ನೇ ನೋಡುತ್ತಿದ್ದರು. ಪೊಲೀಸರು ತಮ್ಮ ಮನೆಗೆ ಯಾಕೆ ಬರಲಿಲ್ಲ ಎಂಬುದು ಭರತೇಶರಿಗೆ ಆಗ ತಿಳಿಯಿತು. ಮುಂದಿನ ಸಾಲಿಗೆ ತಮ್ಮಂಥವರೊಬ್ಬರು ಬೇಕಾಗಿತ್ತು. ಎದ್ದು ಮತ್ತೆ ಮೈಕಿನ ಮುಂದೆ ನಿಂತರು.

“ಇದು ಸಲಹೆಯಲ್ಲ, ವಿರೋಧ. ಈ ನಕ್ಷೆ ಬರೆದವಳು ನೀಲಾ ದೇಸಾಯಿ. ಅವಳನ್ನು—”

ಮೈಕು ಸತ್ತಿತು.

ಅಷ್ಟು ಹೊತ್ತು ಗೋಡೆಯನ್ನು ಬಿಡಿಬಿಡಿಯಾಗಿ ಬಿಡಿಸಿಟ್ಟರೂ ಜೀವಂತವಾಗಿದ್ದ ಮೈಕು, ಅವಳ ಹೆಸರಿಗೇ ಸತ್ತಿತ್ತು. ಆ ಗಳಿಗೆಯಲ್ಲೂ ಭರತೇಶರ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಅದನ್ನು ನುಂಗಿಕೊಂಡೇ ಅವರು ಗುಮಾಸ್ತನ ಮೇಜಿಗೆ ಹೋಗಿ ಎರಡೂ ಕೈ ಊರಿದರು.

“ನೀಲಾ ದೇಸಾಯಿ. ಮನಿಯಿಂದ ಹೊರಗ ಬಿಟ್ಟಿಲ್ಲ, ಪೊಲೀಸರು ಕೂತಾರ. ಬರಕೋ!” ಅವಸರದಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದರು. ಗುಮಾಸ್ತ ಪಿಳಿಪಿಳಿ ನೋಡಿದ. ಯಾರದೋ ಕೈ ಅವರ ಭುಜ ಹಿಡಿಯಿತು.

“ಏನಂದಿರಿ ಕಾಕಾ? ನಮಗೆ ತಿಳಿಯುವ ಹಾಗೆ ಹೇಳಿ!” ಹಿಂದಿನಿಂದ ಒಬ್ಬ ಹೆಂಗಸು ಎದ್ದು ಕೂಗಿದಳು.

ಭರತೇಶರು ಆ ಕಡೆ ತಿರುಗಿ, ಗುಜರಾತಿಯಲ್ಲಿ, ಮೊದಲು ನೀಲಾಳ ಹೆಸರಿನಿಂದಲೇ ಶುರು ಮಾಡಿದರು.